ಕೋಮಲಾ ಮೇಡಂ ಬಿಟ್ಟ ಹೊಸ ಆವೃತ್ತಿ

ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಕೋಮಲಾ ಮೇಡಂಗೆ ಒಂದು ಚಟ. ತಾವು ಮಾಡಿದ್ದನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ. ತವರೂರು ಹೂವಿನ ಹಿಪ್ಪರಗಿಯಲ್ಲಿ ಅಂದಾಜಿನ ಮೇಲೆ ಔಷಧ ಕುಡಿಸಿ ಕುರಿಮರಿಗಳು ಸತ್ತದ್ದನ್ನು ಅವರು ಚಿಕ್ಕಂದಿನಲ್ಲಿ ಕಂಡಿದ್ದರು. ಅದಕ್ಕೇ ಜಂತುಹುಳದ ಔಷಧದ ಅಳತೆ ಹೇಳುವ ಪುಟ್ಟ ಪ್ರೋಗ್ರಾಂ ಬರೆದರು. ಚಿತ್ರವಿಲ್ಲ, ಬಟನ್ ಇಲ್ಲ. ಕಪ್ಪು ಪರದೆಯ ಮೇಲೆ ಕುರಿಯ ವಯಸ್ಸು, ತೂಕ ಟೈಪು ಮಾಡಿದರೆ ಉತ್ತರ ಬರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆ ಕುರಿಗಳಿಗೆ ಔಷಧ ಕುಡಿಸುವವರು ತಮ್ಮ ಮುದಿ ಕಂಪ್ಯೂಟರುಗಳಲ್ಲಿ ಅದನ್ನೇ ನೆಚ್ಚಿಕೊಂಡರು.

ಉತ್ತರದ ಕೆಳಗೆ ಇನ್ನೊಂದು ಸಾಲು ಬರುತ್ತಿತ್ತು: ‘ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಿ.’ ಮೇಡಂ ಒಂದು ಅಕ್ಷರ ತಿದ್ದಿದರೂ ಸಾಕು, ಡಂಗುರ. ಮೇಲೆ ಫೋನು ಬೇರೆ. ಎಲ್ಲರೂ ‘ಹೌದ್ರಿ, ಹಾಕ್ಕೋತೇನ್ರಿ’ ಎನ್ನುತ್ತಿದ್ದರು.

ಒಂದು ಮುಂಜಾನೆ ಮೇಡಂಗೆ ತಮ್ಮದೇ ತಪ್ಪು ಕಣ್ಣಿಗೆ ಬಿತ್ತು. ಕಳೆದ ವಾರ ಸಾರಿ ಸಾರಿ ಹಾಕಿಸಿದ ಆವೃತ್ತಿ ಮರಿಗೂ ದೊಡ್ಡ ಕುರಿಯ ಅಳತೆಯನ್ನೇ ಹೇಳುತ್ತಿತ್ತು! ಗಡಬಡಿಸಿ ತಿದ್ದಿ ಮತ್ತೊಂದು ಆವೃತ್ತಿ ಬಿಟ್ಟರು. ಆದರೆ ಉತ್ತರ ಕಂಡೊಡನೆ ಬಾಟಲಿ ಎತ್ತುವವರು ಕೆಳಗಿನ ಸಾಲು ಓದುತ್ತಾರೆಯೇ? ಒಬ್ಬೊಬ್ಬರಿಗೂ ಫೋನು ಹಚ್ಚಿ, ಇವತ್ತು ಮರಿಗಳಿಗೆ ಏನೂ ಕುಡಿಸಬೇಡಿ ಎಂದರು. ಸಿಂದಗಿಯವರು ಇನ್ನೂ ಶುರು ಮಾಡಿರಲಿಲ್ಲ. ಮುದ್ದೇಬಿಹಾಳದವರು ದೊಡ್ಡ ಕುರಿಗಳಿಗಷ್ಟೇ ಕುಡಿಸಿ ಮುಗಿಸಿದ್ದರು. ಉಳಿದವನು ಇಂಡಿ ಕಡೆಯ ಅಗರಖೇಡದ ಧೂಳಪ್ಪ. ಎಷ್ಟು ಸಲ ಮಾಡಿದರೂ ಫೋನು ಎತ್ತಲೊಲ್ಲ. ಕೊನೆಗೆ ಅವನ ಹೆಂಡತಿ ರೇವವ್ವ ಎತ್ತಿದಳು.

“ಅವ್ರು ಕುರಿಹಟ್ಟ್ಯಾಗ ಅದಾರ್ರಿ. ಮರಿಗೋಳಿಗೆ ಔಷಧ ಕುಡಿಸೂದು ಆಗಲೇ ಮುಗೀತ್ರಿ.”

ಮೇಡಂ ಚೀರಿದರು. “ಲಗೂನ ಫೋನ್ ಅವಗ ಕೊಡವ್ವಾ!”

ಧೂಳಪ್ಪ ಬಂದ. “ಕಂಪ್ಯೂಟರ್ ಹೇಳಿದಷ್ಟ ಕುಡಿಸೇನ್ರಿ ಮೇಡಂ.”

“ಅದ ತಪ್ಪ ಹೇಳೈತೋ! ಹ್ವಾದ ವಾರದ ಹೊಸಾದ್ರಾಗ ತಪ್ಪೈತಿ!”

ಆ ಕಡೆಯಿಂದ ಸಿಕ್ಕಿಬಿದ್ದ ಕಳ್ಳನ ದನಿ ಬಂತು.

“ಸಿಟ್ಟಾಗಬ್ಯಾಡ್ರಿ. ನಾ ಹೊಸಾದ್ ಹಾಕ್ಕೊಂಡೇ ಇಲ್ರಿ. ಮೊದಲ ಕೊಟ್ಟಿದ್ರಲ್ಲ, ಅದರಾಗ ಮಾಡಾಕತ್ತೇನಿ. ಹಾಕ್ಕೋತೇನಿ ಅಂತ ನಿಮಗ ಬರೇ ಸುಳ್ಳ ಹೇಳ್ತಿದ್ದೆ.”

“ಮರಿ ಹ್ಯಾಂಗದಾವು?”

“ಜಿಗದಾಡಾಕತ್ತಾವ್ರಿ.”

ಮೇಡಂ ಬಾಯಿಗೆ ಬಂದ ಬೈಗುಳ ಅಳುವಾಗಿ, ಅಳು ನಗುವಾಗಿ ಹೊರಬಿತ್ತು. ಎದೆಯ ಭಾರವೆಲ್ಲ ಇಳಿದು ಹಗುರಾಯಿತು. ತಮ್ಮ ಮಾತು ಕೇಳದವನ ಮೇಲೆ ಇಷ್ಟು ಪ್ರೀತಿ ಉಕ್ಕಿದ್ದು ಅವರ ಜೀವಮಾನದಲ್ಲೇ ಮೊದಲು.

ಅವರ ನಗು ಕೇಳಿ ಧೂಳಪ್ಪನಿಗೂ ಧೈರ್ಯ ಬಂತು. “ಈಗ ತಿದ್ದಿದ್ದು ಹಾಕ್ಕೊಳ್ಳಲೇನ್ರಿ ಮೇಡಂ? ಆಣಿ ಮಾಡತೇನಿ, ಈ ಸಲ ಖರೇನ ಹಾಕ್ಕೋತೇನಿ.”

“ಬ್ಯಾಡೋ ಯಪ್ಪಾ,” ಎಂದರು ಕೋಮಲಾ ಮೇಡಂ. “ಮೊದಲ ನಾ ಅದನ್ನ ಛಲೋತ್ನಂಗ ನೋಡ್ತೇನಿ. ಆಮ್ಯಾಲ ಹೇಳ್ತೇನಿ.”