ಗಾಲಿಮನೆಯ ಅಲುಗಾಟ

ರೋಡ್ ರೋಲರ್ ಓಡಿಸುವ ಷಡಕ್ಷರಪ್ಪನ ಸಂಸಾರ ಹನ್ನೊಂದು ವರ್ಷದಿಂದ ರೋಲರಿನ ಹಿಂದೆ ಕಟ್ಟಿ ಎಳೆಯುವ ಗಾಲಿಮನೆಯಲ್ಲೇ ನಡೆದಿತ್ತು. ೧೯೬೨ರಲ್ಲಿ ರಸ್ತೆ ಕೆಲಸಕ್ಕೆಂದು ಮಾದಿಹಳ್ಳಿಯ ಬಳಿ ನಿಂತಾಗ ಹೆಂಡತಿ ಸುವರ್ಣಮ್ಮನಿಗೆ ತಲೆಸುತ್ತು ಶುರುವಾಯಿತು. ಅವನು ಮಗ್ಗುಲು ಬದಲಿಸಿದರೂ ಮನೆ ತೂಗುತ್ತಿತ್ತು.

"ಗಾಲಿಗೆ ಕಲ್ಲು ಕೊಟ್ಟಿದೀನಲ್ಲೇ," ಎಂದ.

"ಉರುಳಾಕಿಲ್ಲ, ಸರಿ. ಅಲ್ಲಾಡೋದು ನಿಂತಿಲ್ಲ ಕಣ್ರೀ."

ಮರುದಿನ ಬೆಳಿಗ್ಗೆ ದಣಿದ ಮೈಯಲ್ಲೇ ಅವನು ಪಕ್ಕದ ತೋಟದವರನ್ನು ಕೇಳಿ ತೆಂಗಿನ ಮರದ ನಾಲ್ಕು ತುಂಡು ತಂದು, ಮನೆಯ ನಾಲ್ಕು ಮೂಲೆಯಡಿ ನಿಲ್ಲಿಸಿ, ಬೆಣೆ ಹೊಡೆದು ಬಿಗಿಮಾಡಿದ. ಭಾರ ಗಾಲಿಯಿಂದ ನೆಲಕ್ಕಿಳಿಯಿತು. ಒಳಗೆ ಓಡಾಡಿದರೂ ಅಲುಗಾಟವಿಲ್ಲ. ಸುವರ್ಣಮ್ಮ ಸಂಜೆಯವರೆಗೂ ನಿದ್ದೆಮಾಡಿದಳು.

ಎದ್ದವಳು, "ಇಲ್ಲಿ ಎಷ್ಟು ದಿನ?" ಎಂದಳು.

"ಒಂದು ವಾರ."

ಅಷ್ಟಾದರೂ ಸಿಕ್ಕಿತಲ್ಲ ಎಂಬಂತೆ ಅವಳು ಮತ್ತೆ ದಿಂಬಿಗೆ ಒರಗಿದಳು.