ಗೋಣು ಹಾಕಿದ ಭಾವ

ನಮ್ಮ ಭಾವ ಈ ಸಲದ ತಾಲ್ಲೂಕು ಬೋರ್ಡಿನ ಚುನಾವಣೆಯಲ್ಲಿ ಗೆದ್ದರು. ಒಂದೇ ಒಂದು ಭಾಷಣ ಮಾಡದೆ ಗೆದ್ದರು. ಭಾಷಣ ಮಾಡಬಾರದೆಂಬ ವ್ರತವೇನೂ ಅವರಿಗಿರಲಿಲ್ಲ. ಮಾಡಲು ಆಗಲಿಲ್ಲ, ಅಷ್ಟೆ. ಅದಕ್ಕೆ ಕಾರಣ ಅವರ ಪಿಕಪ್ ಗಾಡಿಯ ಹಿಂದಿನ ಎರಡು ತೋಳುಗಳು.

ನಗಬೇಡಿ. ಗಾಡಿಗೂ ತೋಳಿರುತ್ತದೆ. ನನಗೂ ಮೊದಲು ಗೊತ್ತಿರಲಿಲ್ಲ.

ಭಾವ ಎಂದರೆ ತಿಮ್ಮಪ್ಪ ಭಾವ, ನನ್ನ ಅಕ್ಕನ ಗಂಡ. ಹೊಸನಗರದಲ್ಲಿ ಹಂಚಿನ ವ್ಯಾಪಾರ. ಒಳ್ಳೆಯವರು, ಆದರೆ ಯಾವ ಮಾತಿಗೂ ಹೂಂ ಎನ್ನುವವರಲ್ಲ, ಊಹೂಂ ಎನ್ನುವವರೂ ಅಲ್ಲ. ಏನು ಕೇಳಿದರೂ "ನೋಡಾಣ" ಎನ್ನುತ್ತಾರೆ. (ಹುಡುಗಿ ಒಪ್ಪಿಗೆಯೇ ಎಂದು ಕೇಳಿದಾಗಲೂ "ನೋಡಾಣ" ಎಂದಿದ್ದರಂತೆ. ಅಕ್ಕ ಅದನ್ನು ಇವತ್ತಿಗೂ ಮರೆತಿಲ್ಲ.)

ಇಂಥವರು ಚುನಾವಣೆಗೆ ನಿಂತರೆ ಏನಾಗಬೇಕು? ಸೋಲಬೇಕು. ಎದುರಾಳಿ ವಕೀಲರು ಬೇರೆ, ಮಾತಿನಲ್ಲಿ ಮನೆ ಕಟ್ಟುವವರು.

ಗಾಡಿಯ ವಿಷಯಕ್ಕೆ ಬರುತ್ತೇನೆ. ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಕಾರ್ಗಲ್ಲಿನಲ್ಲಿ ಹಳೆಯ ವಾಹನಗಳ ಹರಾಜು ನಡೆಯಿತಲ್ಲ, ಅಲ್ಲಿ ಭಾವ ಒಂದು ಅಮೆರಿಕದ ಪಿಕಪ್ ಕೊಂಡರು. ನಮ್ಮ ಕಡೆಯ ಲಾರಿಗಳಿಗೆ ಹಿಂದೆ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಇರುತ್ತದೆ. ಇದಕ್ಕೆ ಅದಿಲ್ಲ. ಹಿಂದಿನ ಆಕ್ಸಲನ್ನು ಎರಡು ಉದ್ದನೆಯ ಕಬ್ಬಿಣದ ತೋಳುಗಳು ಹಿಡಿದುಕೊಂಡಿರುತ್ತವೆ. ತೋಳಿನ ಮೇಲೊಂದೊಂದು ಸುರುಳಿ ಸ್ಪ್ರಿಂಗ್. ಹೊಂಡದಲ್ಲಿ ಚಕ್ರ ಇಳಿದರೆ ಗಾಡಿ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಕೂತವರು ನಿದ್ದೆ ಹೋಗುತ್ತಿದ್ದರು. (ಡ್ರೈವರ್ ಕೂಡ. ಅದು ಬೇರೆ ಕಥೆ.)

ಆದರೆ ಭಾವ ಅದರ ಮೇಲೆ ಹಂಚು ಹೇರಿದರು. ಇನ್ನೂ ಹೇರಿದರು. ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಎಡಗಡೆಯ ತೋಳು ಬಗ್ಗಿ, ಮಧ್ಯದಲ್ಲಿ ಬಿರುಕು ಬಿಟ್ಟಿತು. ಆಮೇಲೆ ಗಾಡಿ ಏಡಿಯ ಹಾಗೆ ಓರೆಯಾಗಿ ನಡೆಯತೊಡಗಿತು. ಮುಂದಿನ ಚಕ್ರ ತೀರ್ಥಹಳ್ಳಿಗೆ ಹೊರಟರೆ ಹಿಂದಿನದು ಸಾಗರಕ್ಕೆ ಹೊರಡುತ್ತಿತ್ತು.

ತೀರ್ಥಹಳ್ಳಿಯಲ್ಲಿ ವಿನ್ಸೆಂಟ್ ಎಂಬ ಮೆಕ್ಯಾನಿಕ್ ಇದ್ದಾನೆ. ಗಾಡಿಯನ್ನು ಅವನ ಹತ್ತಿರ ಒಯ್ದಾಗ ನಾನೂ ಜೊತೆಗಿದ್ದೆ. ವೆಲ್ಡಿಂಗ್ ಎಂದರೆ ಅವನಿಗೆ ಹಬ್ಬ. ಬಗ್ಗಿದ ತೋಳನ್ನು ಕಾಯಿಸಿ ನೆಟ್ಟಗೆ ಮಾಡಿದ. ದಪ್ಪ ಪ್ಲೇಟ್ ಕತ್ತರಿಸಿ ಎರಡೂ ತೋಳುಗಳ ಹೊಟ್ಟೆಗೆ ಉದ್ದಕ್ಕೂ ಬೆಸೆದ. ಅಲ್ಲಿಗೆ ನಿಲ್ಲಿಸಿದ್ದರೆ ಈ ಅಂಕಣವೇ ಇರುತ್ತಿರಲಿಲ್ಲ.

ಭಾವನ ತಲೆಯಲ್ಲಿ ಆಗಲೇ ಚುನಾವಣೆ ಕೂತಿತ್ತು. ಹಿಂದೆ ಜನ ನಿಲ್ಲುತ್ತಾರೆ, ಬಾವುಟ ಇರುತ್ತದೆ, ನಡುದಾರಿಯಲ್ಲಿ ತೋಳು ಮುರಿದರೆ ಮರ್ಯಾದೆ ಏನಾಗಬೇಕು? "ಇನ್ನೊಂದು ಪ್ಲೇಟ್ ಹಾಕಿದ್ರೆ ನಷ್ಟ ಎಂತ?" ಎಂದರು. ವಿನ್ಸೆಂಟ್ ಖುಷಿಯಿಂದ ಹಾಕಿದ. ಆಮೇಲೆ ಭಾವನ ಕಣ್ಣು ಸ್ಪ್ರಿಂಗುಗಳ ಮೇಲೆ ಬಿತ್ತು. ಇವು ಕುಗ್ಗುವುದರಿಂದಲೇ ತೋಳು ಬಗ್ಗಿದ್ದು ಎಂದು ಅವರೊಂದು ಸಿದ್ಧಾಂತ ಮಂಡಿಸಿದರು. ಹಳೆಯ ಲಾರಿ ಟಯರಿನ ತುಂಡುಗಳನ್ನು ಸ್ಪ್ರಿಂಗಿನ ಸುರುಳಿಯೊಳಗೆ ಗಿಡಿದು ತುಂಬಿಸಿದರು.

ವಿನ್ಸೆಂಟ್ ಚಕ್ರಕ್ಕೊಂದು ಒದೆ ಕೊಟ್ಟು, ಆನೆ ಹತ್ತಿಸಿದರೂ ಇದು ಬಗ್ಗುವುದಿಲ್ಲ ಎಂದು ಘೋಷಿಸಿದ. ನಿಜವನ್ನೇ ಹೇಳಿದ. ಗಾಡಿಯನ್ನು ತೂಗುವ ಈ ಸಸ್ಪೆನ್ಷನ್ ಎನ್ನುವುದು ಇರುವುದೇ ಬಗ್ಗುವುದಕ್ಕೆ ಎಂಬುದು ಮಾತ್ರ ನಮ್ಮ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಪ್ರಚಾರ ಶುರುವಾಯಿತು. ಭಾವನ ಡ್ರೈವರ್ ಅಷ್ಟು ಹೊತ್ತಿಗೆ ವಕೀಲರ ಜೀಪಿಗೆ ಸೇರಿಕೊಂಡಿದ್ದ. ಮನೆಯವರಲ್ಲಿ ಲೈಸೆನ್ಸ್ ಇರುವವನು ನಾನೊಬ್ಬನೇ. ಸಾಗರದ ನನ್ನ ಗಡಿಯಾರ ರಿಪೇರಿ ಅಂಗಡಿಗೆ ಬೀಗ ಹಾಕಿ ಬಂದೆ. (ನಿಮ್ಮಲ್ಲಿ ಕೆಲವರ ಗಡಿಯಾರ ಇನ್ನೂ ನಿಂತೇ ಇದ್ದರೆ ಕಾರಣ ಇದೇ. ಕ್ಷಮಿಸಿ.)

ಬೆಳಿಗ್ಗೆ ಹೊರಟೆವು. ಭಾವ ಇಸ್ತ್ರಿ ಮಾಡಿದ ಖಾದಿ ಹಾಕಿಕೊಂಡು, ಕೊರಳಿಗೆ ಹಾರ ಹಾಕಿಕೊಂಡು, ಕ್ಯಾಬಿನ್ನಿನ ಹಿಂದೆ ಕಂಬಿ ಹಿಡಿದು ನಿಂತರು. ಅರ್ಧ ಗಂಟೆಯ ಭಾಷಣ ಬಾಯಿಪಾಠ ಆಗಿತ್ತು. ಗೇಟು ದಾಟುವಾಗಲೇ ಅಭ್ಯಾಸಕ್ಕೆಂದು "ಮಹಾಜನಗಳೇ" ಎಂದು ಶುರು ಮಾಡಿದರು. "ಮಹಾ" ಆಯಿತು. "ಜನ" ಬರುವಷ್ಟರಲ್ಲಿ ಚಕ್ರ ಚರಂಡಿಗಿಳಿಯಿತು. ಗಾಡಿ ಬಗ್ಗಲಿಲ್ಲ. ಹಲ್ಲಿನ ನಡುವೆ ನಾಲಿಗೆ ಸಿಕ್ಕಿತು.

ಅಕ್ಕ ಓಡಿ ಬಂದು ನಾಲಿಗೆಗೆ ಜೇನುತುಪ್ಪ ಸವರಿದಳು. ಇವತ್ತು ಬಾಯಿ ಬಿಟ್ಟರೆ ನೋಡಿ ಎಂದು ಗದರಿಸಿ ಕಳಿಸಿದಳು. ಭಾವ ಹಲ್ಲು ಕಚ್ಚಿ ನಿಂತರು. ಬ್ಯಾಟರಿ ಬೇರೆ ಸೋತಿತ್ತು. ಎಲ್ಲಾದರೂ ನಿಲ್ಲಿಸಿದರೆ ಮತ್ತೆ ತಳ್ಳಿಸಬೇಕು. ಹಾಗಾಗಿ ಜನ ನಡೆಯುವ ವೇಗದಲ್ಲಿ, ಎಲ್ಲೂ ನಿಲ್ಲಿಸದೆ, ಹಳ್ಳಿ ಹಳ್ಳಿ ಸುತ್ತಿದೆ.

ಆ ರಸ್ತೆಗಳು ನಿಮಗೆ ಗೊತ್ತೇ ಇವೆ. ಪ್ರತಿ ಕಲ್ಲಿಗೂ ಗಾಡಿಯ ಹಿಂಭಾಗ ಕುಣಿಯಿತು. ಪ್ರತಿ ಕುಣಿತಕ್ಕೂ ಭಾವನ ತಲೆ ಮೇಲಕ್ಕೆ ಹೋಗಿ ಕೆಳಕ್ಕೆ ಬಂತು. ಕನ್ನಡಿಯಲ್ಲಿ ನನಗೆ ಕಾಣುತ್ತಿದ್ದುದು ಅದೊಂದೇ. ಎಲ್ಲರಿಗೂ ನಮಸ್ಕಾರ ಮಾಡುತ್ತಿದ್ದಾರೆ, ಪರವಾಗಿಲ್ಲ, ಕಲಿತರು ಎಂದುಕೊಂಡೆ.

ಹಿಂದೆ ನಡೆಯುತ್ತಿದ್ದುದೇ ಬೇರೆ. ಜನ ಗಾಡಿಯ ಪಕ್ಕದಲ್ಲಿ ನಡೆಯುತ್ತಾ ಒಂದೊಂದೇ ಕೇಳುತ್ತಿದ್ದರು. ನಮ್ಮೂರಿಗೆ ಆಸ್ಪತ್ರೆ ಬರುತ್ತದೆಯೇ? ಭಾವ ಗೋಣು ಹಾಕಿದರು. ಅಂಚೆ ಕಚೇರಿ? ಹಾಕಿದರು. ಮುದುಕರೊಬ್ಬರು, ನೋಡೇಬಿಡೋಣ ಎಂದು, ರೈಲು ತರಿಸುತ್ತೀರಾ ಎಂದರು. ಅಲ್ಲಿ ದೊಡ್ಡ ಕಲ್ಲಿತ್ತು. ಭಾವ ಉಳಿದ ಎಲ್ಲದಕ್ಕಿಂತ ಜೋರಾಗಿ ಗೋಣು ಹಾಕಿದರು.

ಬಿದಿರಗೋಡಿನಲ್ಲಿ ಚೌಡಮ್ಮ ಎಂಬ ಹೆಂಗಸು ಕೇಳಿದ್ದು ಒಂದೇ. ಅವರ ಕೇರಿ ಹಳ್ಳದ ಆಚೆಗಿದೆ. ಹೋದ ಮಳೆಗಾಲದಲ್ಲಿ ಸೊಸೆಗೆ ಹೆರಿಗೆ ನೋವು ಬಂದಾಗ ಹಳ್ಳ ತುಂಬಿ ಸೂಲಗಿತ್ತಿ ಈಚೆ ದಡದಲ್ಲೇ ಉಳಿದಿದ್ದಳು. ತಾಯಿ, ಮಗು ಬದುಕಿದ್ದೇ ಪುಣ್ಯ. ಮಳೆಗೆ ಮೊದಲು ಹಳ್ಳಕ್ಕೊಂದು ಸಂಕ ಹಾಕಿಸುತ್ತೀರಾ, ಜನ ದಾಟುವಷ್ಟು ಅಗಲದ ಮರದ ಸೇತುವೆ ಸಾಕು ಎಂದು ಆಕೆ ಕೇಳಿದಳು. ಭಾವ ಊರು ದಾಟುವವರೆಗೂ ಗೋಣು ಹಾಕಿದರು.

ವಕೀಲರು ಎಲ್ಲ ಕಡೆ ಒಂದೊಂದು ಗಂಟೆ ಮಾತಾಡಿದ್ದರು. ಆದರೆ ಕೇಳಿದ್ದಕ್ಕೆ ಮರುಮಾತಿಲ್ಲದೆ ಒಪ್ಪಿದ ಮನುಷ್ಯನನ್ನು ನಮ್ಮ ಜನ ಇದಕ್ಕೆ ಮೊದಲು ಎಲ್ಲಿ ನೋಡಿದ್ದರು? ಭಾವ ಗೆದ್ದರು.

ಮಾರನೆಯ ದಿನ ಹಂಚಿನ ಅಂಗಡಿಯ ಮುಂದೆ ಜನವೋ ಜನ. ಭಾವ ಅಭಿನಂದನೆಗೆ ಬಂದಿದ್ದಾರೆಂದುಕೊಂಡು ಕಾಫಿ ತರಿಸಿದರು. ಅವರು ಬಂದಿದ್ದುದು ರೈಲು ಯಾವಾಗ ಎಂದು ಕೇಳಲು. ತಲೆ ಅಲ್ಲಾಡಿದ್ದನ್ನೇ ಜನ ಒಪ್ಪಿಗೆ ಎಂದುಕೊಂಡಿದ್ದರೆಂದು ತಿಳಿದ ಮೇಲೆ ಭಾವನ ಮುಖ ನೋಡಬೇಕಿತ್ತು. ಹುಟ್ಟಿದಾರಭ್ಯ ಯಾರಿಗೂ ಹೂಂ ಎನ್ನದೆ ಬದುಕಿದವರು ಒಂದೇ ದಿನದಲ್ಲಿ ಅರ್ಧ ತಾಲ್ಲೂಕಿಗೆ ಮಾತು ಕೊಟ್ಟು ಬಂದಿದ್ದರು.

ತಾನು ಒಪ್ಪಲೇ ಇಲ್ಲ, ಅದೆಲ್ಲ ಗಾಡಿ ಮಾಡಿದ ಕೆಲಸ ಎಂದು ವಿವರಿಸಿದರು. ತೋಳು, ಪ್ಲೇಟ್, ಟಯರಿನ ತುಂಡು ಎಲ್ಲ ತೋರಿಸಿದರು. ರೈಲಿನ ಮುದುಕರು ನಕ್ಕು ಕಾಫಿ ಕುಡಿದು ಹೋದರು. ಆಸ್ಪತ್ರೆ, ಅಂಚೆಯವರೂ ಗೊಣಗುತ್ತಾ ಎದ್ದರು. ಚೌಡಮ್ಮ ಏಳಲಿಲ್ಲ.

"ಬೇಕಾದ್ರೆ ನೀವೇ ನಿಂತು ನೋಡಿ. ತಾನಾಗೇ ತಲೆ ಅಲ್ಲಾಡ್ತದೆ" ಎಂದರು ಭಾವ.

ಆಕೆ ಸೆರಗು ಸಿಕ್ಕಿಸಿಕೊಂಡು ಗಾಡಿ ಹತ್ತಿಯೇ ಬಿಟ್ಟಳು. ನಾನು ಓಡಿಸಿದೆ. ಭಾವ ಪಕ್ಕದಲ್ಲಿ ಓಡುತ್ತಾ ಬಂದರು. ಕಲ್ಲುಗಳ ಜಾಗ ಬಂದ ಕೂಡಲೇ ಗೆದ್ದವರ ಧ್ವನಿಯಲ್ಲಿ, ಸಂಕ ಬೇಡ ತಾನೆ ಎಂದು ಕೇಳಿದರು. ಚೌಡಮ್ಮ ಕಂಬಿಗೆ ಬೆನ್ನು ಕೊಟ್ಟು, ಎರಡೂ ಕೈಯಲ್ಲಿ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಳು. ತಲೆ ಅಲ್ಲಾಡಲಿಲ್ಲ.

ಗಾಡಿ ವಾಪಸು ಬಂದು ಭಾವನ ಮನೆಯ ಮುಂದೆ ನಿಂತ ಮೇಲೆ ಇಳಿದು ಹೇಳಿದಳು: "ಒಪ್ಪಿಗೆ ಇಲ್ದೋರು ತಲೆ ಹಿಡ್ಕಣ್ತಾರೆ ಸ್ವಾಮಿ. ನೀವ್ಯಾಕೆ ಹಿಡ್ಕಳ್ಳಿಲ್ಲ?"

ಭಾವ ಏದುಸಿರು ಬಿಡುತ್ತಿದ್ದರು. ಆಕೆಯನ್ನು ನೋಡಿದರು, ಗಾಡಿಯನ್ನು ನೋಡಿದರು, ನನ್ನನ್ನೂ ನೋಡಿದರು. ನಾನು ಸಹಾಯ ಮಾಡಲಿಲ್ಲ. ಹಳ್ಳದ ಅಗಲ ಎಷ್ಟು ಎಂದು ಮೆತ್ತಗೆ ಕೇಳಿದರು. ಆಕೆ ಹೇಳಿದಳು. ಭಾವ ಬೆರಳೆಣಿಸಿ ಲೆಕ್ಕ ಹಾಕಿ, "ಆಯ್ತು, ಹಾಕಿಸ್ತೀನಿ" ಎಂದರು. ಜಗಲಿಯಲ್ಲಿದ್ದ ಅಕ್ಕ, ಇದು ತನ್ನ ಗಂಡನ ಧ್ವನಿಯೇ ಹೌದೋ ಎಂದು ಅಂಗಳಕ್ಕಿಳಿದು ಬಂದು ನೋಡಿದಳು.

ಸಂಕ ಆಯಿತು. ಬೋರ್ಡಿನ ಮೊದಲ ಸಭೆಯಲ್ಲೇ ಭಾವ ಹಟ ಹಿಡಿದು ಮಂಜೂರು ಮಾಡಿಸಿದರು. ಮರದ ದಿಮ್ಮಿ, ಹಲಗೆ ಎಲ್ಲವನ್ನೂ ಅದೇ ಪಿಕಪ್ಪಿನಲ್ಲಿ ಸಾಗಿಸಿದೆವು. ತೋಳು ಕೂದಲೆಳೆಯಷ್ಟೂ ಬಗ್ಗಲಿಲ್ಲ, ವಿನ್ಸೆಂಟನಿಗೆ ಸಲ್ಲಬೇಕಾದದ್ದು ಸಲ್ಲಲಿ. ಮಳೆಗೆ ಮೊದಲು ಚೌಡಮ್ಮನ ಸೊಸೆ ಮಗುವನ್ನೆತ್ತಿಕೊಂಡು ಸಂಕದ ಮೇಲೆ ಈಚೆಗೆ ಬಂದಳು. ಟಯರಿನ ತುಂಡುಗಳನ್ನು ಮಾತ್ರ ಭಾವ ಈಗ ತೆಗೆಸಿದ್ದಾರೆ.

ನಾನು ಯೋಚಿಸುವುದು ಇಷ್ಟೆ. ದಿನಕ್ಕೆ ಎಷ್ಟು ಸಲ ನಾವು ಸುಮ್ಮನೆ ಗೋಣು ಹಾಕುವುದಿಲ್ಲ? ಹೆಡ್ ಕ್ಲಾರ್ಕ್ ಹೇಳಿದ್ದಕ್ಕೆ, ಪಕ್ಕದ ಮನೆಯವರು ಹೇಳಿದ್ದಕ್ಕೆ, ಮದುವೆಯಾದವರು ಹೆಂಡತಿ ಹೇಳಿದ್ದಕ್ಕೆ? ಆಮೇಲೆ ಕೇಳಿದರೆ, ಛೇ, ನಾನೆಲ್ಲಿ ಒಪ್ಪಿದ್ದೆ ಎನ್ನುತ್ತೇವೆ. ನಮಗೆ ಆ ಮಾತು ಹೇಳಲು ಪಿಕಪ್ಪಿನ ನೆಪವೂ ಬೇಕಿಲ್ಲ.

ಇದನ್ನೆಲ್ಲ ಹೀಗೆ ಆರಾಮಾಗಿ ಬರೆದು ಮುಗಿಸೋಣ ಎಂದು ಕೂತಿದ್ದೆ. ನಿನ್ನೆ ಬಿದಿರಗೋಡಿನಿಂದ ಶೇಷಪ್ಪ ಎಂಬ ಹಿರಿಯರು ಅಕ್ಕನ ಮನೆಗೆ ಬಂದರಂತೆ. ಪ್ರಚಾರದ ದಿನ ಗಾಡಿಯ ಪಕ್ಕ ನಡೆಯುತ್ತಾ ಅವರೂ ಒಂದು ಕೇಳಿದ್ದರಂತೆ: ಡ್ರೈವರ್ ಸೀಟಿನಲ್ಲಿರುವ ನಿಮ್ಮ ಬಾಮೈದನಿಗೆ ನಮ್ಮ ಹುಡುಗಿಯನ್ನು ಮಾಡಿಕೊಳ್ಳುತ್ತೀರಾ? ಭಾವನ ಉತ್ತರ ನಿಮಗೆ ಗೊತ್ತೇ ಇದೆ.

ಅಕ್ಕನಿಗೆ ಕುಣಿಯುವಷ್ಟು ಸಂತೋಷ. ಹುಡುಗಿ ಟೀಚರ್ ಟ್ರೈನಿಂಗ್ ಮುಗಿಸಿದ್ದಾಳೆ. ಅಪ್ಪನ ಕೈಲಿ ಒಂದೇ ಮಾತು ಹೇಳಿ ಕಳಿಸಿದ್ದಾಳಂತೆ: ಹುಡುಗ ನೋಡಲು ಬರುವುದಾದರೆ ಬಸ್ಸಿನಲ್ಲಿ ಬರಲಿ, ಆ ಗಾಡಿಯಲ್ಲಿ ಬಂದವರ ಒಪ್ಪಿಗೆಯನ್ನು ತಾನು ನಂಬುವುದಿಲ್ಲ.

ಅವಳನ್ನು ನಾನಿನ್ನೂ ನೋಡಿಲ್ಲ. ಆದರೂ ಈ ಮಾತು ಕೇಳಿದಾಗಿನಿಂದ ನನ್ನ ತಲೆ ತಾನಾಗಿಯೇ ಅಲ್ಲಾಡುತ್ತಿದೆಯಲ್ಲ, ಇದನ್ನು ಯಾವ ಗಾಡಿಯ ಮೇಲೆ ಹೊರಿಸಲಿ?