ಭಾಗೂನ ಕಣ್ಣಿಗೆ ಏನೂ ಆಗಿರಲಿಲ್ಲ

ಒಬ್ಬ ಹುಡುಗಿಯ ಚೆನ್ನಾಗಿದ್ದ ಕಣ್ಣುಗಳನ್ನು ಕೆಟ್ಟಿವೆ ಎಂದು ನಾನು ಸುಳ್ಳು ಹೇಳಿದ್ದೇನೆ. ತಿಳಿಯದೆ ಹೇಳಿದ್ದಲ್ಲ — ಅವಳು ಕಂಡದ್ದೇ ನಿಜವೆಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಮೇಲಾಗಿ ನಾನು ಅವಳ ವಿಜ್ಞಾನದ ಮಾಸ್ತರ. ಇಪ್ಪತ್ತು ವರ್ಷ ಇದನ್ನು ಹೆಂಡತಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ನಡುವೆ ಎಲ್ಲೋ ನನಗೇ ನಗು ಬಂದುಬಿಡುತ್ತದೆ, ಆಮೇಲೆ ಮುಂದಿನದು ನೆನಪಾಗಿ ಬಾಯಿ ಕಟ್ಟುತ್ತದೆ.

ಹಳಿಯಾಳ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆ. ಹೆಸರು ಬೇಡ, ಶಾಲೆಯದೇನೂ ತಪ್ಪಿಲ್ಲ. ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ಮಕ್ಕಳು ಕೈಯಾರೆ ಪ್ರಯೋಗ ಮಾಡಿ ಕಲಿಯಲಿ ಎಂದು ಒಂದು ಸಂಸ್ಥೆಯವರು ನಮಗೆ ಒಂದು ಲ್ಯಾಪ್‌ಟಾಪನ್ನೂ ಒಂದು ಪೆಟ್ಟಿಗೆ ಸೆನ್ಸರುಗಳನ್ನೂ ಕೊಟ್ಟರು. ಅದರಲ್ಲಿ ನನ್ನ ಮುದ್ದಿನದು ದೂರ ಅಳೆಯುವ ಸೆನ್ಸರ್. ಬಾವಲಿಯ ಹಾಗೆ ಸದ್ದು ಕಳಿಸಿ, ಅದು ತಿರುಗಿ ಬರುವುದರ ಮೇಲೆ ಎದುರಿಗಿದ್ದವರು ಎಷ್ಟು ದೂರ ಇದ್ದಾರೆಂದು ಹೇಳುತ್ತಿತ್ತು. ಕೆಲಸ ಮಾಡುವಾಗ ಟಿಕ್ ಟಿಕ್ ಎನ್ನುತ್ತಿತ್ತು. ನೀವು ದೂರ ನಡೆದರೆ ಪರದೆಯ ಮೇಲೆ ಗೆರೆ ಏರುತ್ತದೆ, ನಿಂತರೆ ಸಪಾಟಾಗುತ್ತದೆ, ಹತ್ತಿರ ಬಂದರೆ ಇಳಿಯುತ್ತದೆ.

ಮೊದಲ ದಿನ ನಮ್ಮ ಶಾಲೆಯ ಜವಾನ ಪಾಂಡುರಂಗನನ್ನು ನಡೆಸಿದೆವು. ನಡುದಾರಿಯಲ್ಲಿ ಅವನ ಧೋತರ ಸಡಿಲವಾಯಿತು. ಪಾಪ, ನಿಂತ, ಬಿಗಿದುಕೊಂಡ, ನಾಚಿಕೊಂಡು ತಿರುಗಿ ಬಂದ. ಪರದೆಯ ಮೇಲೆ ಗೆರೆ ಏರಿ, ನಡುವೆ ಸಪಾಟಾಗಿ, ಇಳಿಯಿತು. ಮಕ್ಕಳು ಬೆಂಚು ಬಡಿದು ನಕ್ಕರು. ಆ ಗೆರೆಯನ್ನು ‘ಪಾಂಡುರಂಗನ ಧೋತರ’ ಎಂಬ ಹೆಸರಿನಲ್ಲೇ ಲ್ಯಾಪ್‌ಟಾಪಿನಲ್ಲಿ ಉಳಿಸಿಟ್ಟೆ. ಒಂದು ಬಟನ್ ಒತ್ತಿದರೆ ಸಾಕು, ಅದು ಈಗಷ್ಟೇ ಆಗುತ್ತಿದೆಯೇನೋ ಎಂಬಂತೆ ಮೊದಲಿನಿಂದ ಎಳೆದು ತೋರಿಸುತ್ತಿತ್ತು. ಆ ಬಟನ್ ನನಗೆ ಯಾಕಾದರೂ ತಿಳಿಯಿತೋ —

ಭಾಗೂ ಒಂಬತ್ತನೆಯ ಇಯತ್ತೆಯಲ್ಲಿದ್ದಳು. ಪೂರ್ತಿ ಹೆಸರು ಭಾಗೀರಥಿ. ಊರಾಚೆಯ ಗೌಳಿವಾಡದವಳು, ಎಮ್ಮೆ ಕಾಯ್ದು ಬೆಳೆದವಳು. ಒಮ್ಮೆ ಸೂಕ್ಷ್ಮದರ್ಶಕದಲ್ಲಿ ಉಳ್ಳಾಗಡ್ಡಿಯ ಸಿಪ್ಪೆ ತೋರಿಸಿ ಚಿತ್ರ ಬರೆಯಲು ಹೇಳಿದ್ದೆ. ಎಲ್ಲರೂ ಪುಸ್ತಕ ನೋಡಿ ಇಟ್ಟಿಗೆ ಗೋಡೆಯಂಥ ಜೀವಕೋಶಗಳನ್ನು ಬರೆದರು. ಇವಳೊಬ್ಬಳು ಬಾಗಿದ ಕರಿಯ ಕಡ್ಡಿಯೊಂದನ್ನು ಬರೆದಳು. ನೋಡಿದರೆ ಅದು ಅವಳದೇ ರೆಪ್ಪೆಗೂದಲು! ನಾನು ಹತ್ತಕ್ಕೆ ಹತ್ತು ಕೊಟ್ಟು, ಕಂಡದ್ದನ್ನೇ ಬರೆಯಬೇಕು, ವಿಜ್ಞಾನವೆಂದರೆ ಇದೇ ಎಂದು ಅರ್ಧ ತಾಸು ಭಾಷಣ ಮಾಡಿದೆ. ಈಗ ಆ ಭಾಷಣ ನೆನೆದರೆ ಕಿವಿ ಬಿಸಿಯಾಗುತ್ತದೆ.

ಇಲಾಖೆಯ ದೊಡ್ಡ ಸಾಹೇಬರು ಪ್ರಯೋಗ ನೋಡಲು ಬರುತ್ತಾರೆಂದು ಸುದ್ದಿ ಬಂತು. ಅದಕ್ಕೆ ಎರಡು ದಿನ ಮೊದಲು ನಾನು ಸೆನ್ಸರನ್ನು ಬಾವಿಗೆ ಬೀಳಿಸಿದೆ. ನಾನಿದ್ದ ಬಾಡಿಗೆ ಮನೆಯ ಒಡತಿ ಶಾಂತಕ್ಕ, ಬಾವಿಯ ನೀರು ಎಷ್ಟು ಕೆಳಗಿಳಿದಿದೆಯೋ ಎಂದು ಹಗ್ಗ ಬಿಟ್ಟು ನೋಡುತ್ತಿದ್ದಳು. ಸುಮ್ಮನಿರಬಾರದೇ ನಾನು? ಹಗ್ಗ ಯಾಕೆ ಶಾಂತಕ್ಕ, ಸೆನ್ಸರ್ ಇದೆಯಲ್ಲ ಎಂದು ಜಂಬ ಕೊಚ್ಚಿ, ಶಾಲೆಯ ಪೆಟ್ಟಿಗೆ, ಲ್ಯಾಪ್‌ಟಾಪ್ ಎರಡನ್ನೂ ತಂದು, ಸೆನ್ಸರನ್ನು ಹಗ್ಗಕ್ಕೆ ಕಟ್ಟಿ ಇಳಿಸಿದೆ. ಗಂಟು ಜಾರಿತು. ನಾನು ಲ್ಯಾಪ್‌ಟಾಪನ್ನು ಕೂಸಿನಂತೆ ತಬ್ಬಿ ಹಿಡಿದೆ. ವೈರ್ ಕಿತ್ತುಕೊಂಡು ಸೆನ್ಸರ್ ಡುಬಕ್ಕೆಂದಿತು. ಕೊಡ ಬಿದ್ದರೆ ತೆಗೆಯುವ ಪಾತಾಳಗರಡಿಯಿಂದ ಶಾಂತಕ್ಕನೇ ಅದನ್ನು ಮೇಲೆತ್ತಿ ಕೊಟ್ಟು, ಹಗ್ಗವೇ ಚಲೋ ಇತ್ತಲ್ಲ ಎಂಬಂತೆ ನನ್ನ ಮುಖ ನೋಡಿದಳು. ಎರಡು ದಿನ ಬಿಸಿಲಿಗಿಟ್ಟೆ. ಅಕ್ಕಿ ಡಬ್ಬಿಯಲ್ಲಿ ಹುಗಿದೆ. ಉಹೂಂ, ಅದರ ಟಿಕ್ ಟಿಕ್ ನಿಂತೇ ಹೋಗಿತ್ತು.

ಬಾವಿಗೆ ಬಿತ್ತು ಎಂದು ಹೇಳಬಹುದಿತ್ತು. ಬೈಯುತ್ತಿದ್ದರು, ಪೆಟ್ಟಿಗೆಯನ್ನು ಬೇರೆ ಶಾಲೆಗೆ ಕೊಡುತ್ತಿದ್ದರು, ಅಷ್ಟೇ. ಆದರೆ ನನಗೆ ಮಾನದ ಪ್ರಶ್ನೆ...

ಸಾಹೇಬರು ಬಂದರು. ದೊಡ್ಡ ದೇಹ, ಮಗುವಿನಂಥ ಕುತೂಹಲ. ಸತ್ತ ಸೆನ್ಸರನ್ನು ಮೇಜಿನ ಮೇಲೆ ಇಟ್ಟಿದ್ದೆ. ನಡುವೆ ನಿಂತು ಧೋತರ ಕಟ್ಟಿಕೊ ಎಂದು ಪಾಂಡುರಂಗನಿಗೆ ಮೊದಲೇ ಹೇಳಿಟ್ಟಿದ್ದೆ. ಯಾಕೆಂದು ಅವನು ಕೇಳಲಿಲ್ಲ. ಅಂಕಿ ಓದಲು ಪರದೆಯ ಪಕ್ಕದಲ್ಲಿ ಭಾಗೂನನ್ನು ನಿಲ್ಲಿಸಿದ್ದೆ — ಕಣ್ಣು ಚುರುಕು ಎಂದು! ಒಂದು ಕೈಯಿಂದ ಬಟನ್ ಒತ್ತಿದೆ. ಇನ್ನೊಂದು ಕೈ ಜೇಬಿನಲ್ಲಿತ್ತು, ಅದರಲ್ಲಿ ತಲೆ ಒತ್ತಿದರೆ ಸದ್ದಾಗುವ ಬಾಲ್ ಪೆನ್ನಿತ್ತು. ಟಿಕ್ ಟಿಕ್ ಟಿಕ್. ಪಾಂಡುರಂಗ ನಡೆದ, ನಿಂತ, ಗಟ್ಟಿಯಾಗಿಯೇ ಇದ್ದ ಧೋತರವನ್ನು ಮತ್ತೆ ಗಟ್ಟಿ ಮಾಡಿಕೊಂಡ, ಬಂದ. ಗೆರೆ ಚಾಚೂ ತಪ್ಪಲಿಲ್ಲ. ಚಪ್ಪಾಳೆ. ಅಲ್ಲಿಗೆ ಮುಗಿಯಬೇಕಿತ್ತು.

ಸಾಹೇಬರು ಎದ್ದು, ತಾವೂ ನಡೆಯುವುದಾಗಿ ಹೇಳಿದರು.

ಗಾಬರಿಯಲ್ಲಿ ಅದೇ ಬಟನ್ ಒತ್ತಿಬಿಟ್ಟೆ. ಸಾಹೇಬರೋ ಇನ್ನೂ ಬೆಲ್ಟ್ ಸರಿ ಮಾಡಿಕೊಳ್ಳುತ್ತಿದ್ದರು. ಅವರು ಹೊರಡುವ ಹೊತ್ತಿಗೆ ಗೆರೆ ಅರ್ಧ ಏರಿತ್ತು. ಗೆರೆ ಸಪಾಟಾಯಿತು, ಸಾಹೇಬರು ಇನ್ನೂ ಕವಾಯತಿನವರಂತೆ ಮುಂದೆ ಮುಂದೆ ಹೋಗುತ್ತಿದ್ದಾರೆ! ದಿಕ್ಕು ತೋಚದೆ ಕೂಗಿದೆ:

“ಸಾಹೇಬ್ರ, ನಿಂದರ್ರಿ! ಕಾಲಾಗ ವೈರ್ ಐತಿ!”

ಅವರು ಒಂದು ಕಾಲನ್ನು ಗಾಳಿಯಲ್ಲಿ ಎತ್ತಿಕೊಂಡೇ ನಿಂತರು. ಹೆಡ್ ಮಾಸ್ತರರು ಓಡಿಹೋಗಿ ಕೆಳಗೆ ಬಗ್ಗಿ ಇಲ್ಲದ ವೈರ್ ಹುಡುಕಿದರು. ಇಡೀ ಕೋಣೆ ಸಾಹೇಬರ ಕಾಲನ್ನೇ ನೋಡುತ್ತಿತ್ತು. ಅಷ್ಟರಲ್ಲಿ ಗೆರೆ ಇಳಿಯತೊಡಗಿತು. ಈಗ ಬರ್ರಿ ಎಂದು ಕರೆದೆ. ಬಂದು ಪರದೆ ನೋಡಿದ ಸಾಹೇಬರು, ಕಾಲೆತ್ತಿ ನಿಂತದ್ದನ್ನೂ ಹಿಡಿದಿದೆಯಲ್ಲ ಈ ಯಂತ್ರ ಎಂದು ಹಿಗ್ಗಿಹೋದರು. ಆಗ ಭಾಗೂ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಸರ, ಗೆರಿ ಮೊದಲ ನಿಂತಿತ್ರಿ. ಸಾಹೇಬ್ರು ಆಮ್ಯಾಲೆ ನಿಂತ್ರು.”

ಹೌದು ಎನ್ನಲು ಅದೊಂದೇ ಗಳಿಗೆ ಸಾಕಿತ್ತು. ನಾನು ನಕ್ಕೆ. ನಕ್ಕು ಹೇಳಿದೆ:

“ನಿನ್ನ ಕಣ್ಣಾಗ ಏನೋ ದೋಷ ಐತಿ ಭಾಗೂ.”

ಸಾಹೇಬರು ಒಳ್ಳೆಯ ಮನುಷ್ಯರು. ಅದೇ ತೊಂದರೆ. ಹುಡುಗಿಯ ಕಣ್ಣನ್ನು ಇದೇ ವಾರ ಡಾಕ್ಟರಿಗೆ ತೋರಿಸಬೇಕೆಂದು ಹೆಡ್ ಮಾಸ್ತರರಿಗೆ ಹೇಳಿಯೇ ಜೀಪು ಹತ್ತಿದರು. ನಮ್ಮ ಶಾಲೆಯ ಬಗ್ಗೆ ಹೊಗಳಿ ಬರೆದರು, ಬಹುಮಾನವೆಂದು ಪ್ರಯೋಗಕ್ಕೆ ಹೊಸ ಸೆನ್ಸರ್ ಬಂತು. ನನ್ನನ್ನು ಮುಂಡಗೋಡ, ಜೋಯಿಡಾದ ಶಿಕ್ಷಕರಿಗೆ ತರಬೇತಿ ಕೊಡಲು ಕಳಿಸಿದರು. ಅಲ್ಲಿ ಏನು ಹೇಳಿದೆ ಎನ್ನುತ್ತೀರಿ? ಮಕ್ಕಳು ತಮ್ಮ ಕಣ್ಣನ್ನು ತಾವು ನಂಬಬೇಕು ಎಂದು.

ಭಾಗೂನ ಅಪ್ಪ ಧೋಂಡು, ಹಾಲು ಹಾಕುವ ಕೆಲಸವನ್ನು ಒಂದು ದಿನ ಬಿಟ್ಟು, ಮಗಳನ್ನು ದಾಂಡೇಲಿಗೆ ಕರೆದುಕೊಂಡು ಹೋದ. ಡಾಕ್ಟರು ತೋರಿಸಿದ ಹಾಳೆಯಲ್ಲಿ ಅವಳು ಕೊನೆಯ ಸಾಲನ್ನೂ ಓದಿ, ಅದರ ಕೆಳಗೆ ಮೂಲೆಯಲ್ಲಿದ್ದ ಅಚ್ಚು ಹಾಕಿದವರ ಹೆಸರನ್ನೂ ಓದಿದಳಂತೆ. ಮರುದಿನ ಧೋಂಡು ಶಾಲೆಗೆ ಬಂದ. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಬೆಣ್ಣೆ.

“ಕಣ್ಣು ಛಲೋ ಅದಾವಂತ್ರಿ ಸರ. ಹಂಗಾರ ತಪ್ಪು ಎಲ್ಲೈತ್ರಿ?”

ದೇವರು ಎರಡನೆಯ ಸಲ ಬಾಗಿಲು ತೆರೆದು ಕೊಟ್ಟಿದ್ದ. ನಾನು ಅದನ್ನೂ ಮುಚ್ಚಿದೆ. ಕಣ್ಣಲ್ಲ, ಅವಳ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ, ಅದಕ್ಕೇ ಇಲ್ಲದ್ದು ಕಾಣುತ್ತದೆ ಎಂದೆ. ಆ ಮನುಷ್ಯ ತಲೆಯಾಡಿಸಿದ, ನನ್ನ ಕ್ಷಮೆ ಕೇಳಿದ. ನನ್ನ ಕ್ಷಮೆ! ಬೆಣ್ಣೆ ಕೊಟ್ಟು ಹೋದ. ರೊಟ್ಟಿಗೆ ಹಚ್ಚಿಕೊಂಡು ತಿಂದೆ. ಬಹಳ ರುಚಿಯಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಮುಂದಿನ ತಿಂಗಳು ನೀರು ಕುದಿಸುವ ಪ್ರಯೋಗ. ಈ ಸಲ ಯಾವ ಮೋಸವೂ ಇರಲಿಲ್ಲ, ಉಷ್ಣತೆಯ ಸೆನ್ಸರ್ ಸರಿಯಾಗಿಯೇ ಇತ್ತು. ನಮ್ಮೂರು ಎತ್ತರದಲ್ಲಿರುವುದರಿಂದ ನೀರು ನೂರಕ್ಕಿಂತ ಮೊದಲೇ ಕುದಿಯುತ್ತದೆ. ಪರದೆಯ ಮೇಲೆ ತೊಂಬತ್ತೆಂಟು ಬಂದು ನಿಂತಿತು. ಭಾಗೂನ ನೋಟ್‌ಬುಕ್ಕಿನಲ್ಲಿ ನೂರು ಎಂದಿತ್ತು. ಯಾಕೆಂದು ಕೇಳಿದೆ.

“ನನಗ ತೊಂಬತ್ತೆಂಟ ಕಂಡಿತ್ತರಿ ಸರ,” ಎಂದಳು ತಲೆ ತಗ್ಗಿಸಿ. “ಅದಕ್ಕ ನೂರು ಬರದೆ.”

ತೊಂಬತ್ತೆಂಟೇ ಸರಿಯೆಂದು ನನಗೆ ಗೊತ್ತಿತ್ತು. ಆದರೂ — ಕೆಂಪು ಪೆನ್ನು ತೆಗೆದು ಆ ನೂರರ ಮುಂದೆ ಸರಿ ಗುರುತು ಹಾಕಿದೆ.

ಭಾಗೂ ಈಗ ಅದೇ ಊರಿನ ಹಾಲಿನ ಡೇರಿಯಲ್ಲಿದ್ದಾಳೆ. ಮನೆ ಮನೆಯಿಂದ ಬರುವ ಹಾಲನ್ನು ಯಂತ್ರಕ್ಕೆ ಹಾಕಿ ಕೊಬ್ಬಿನ ಅಂಶ ನೋಡುವ ಕೆಲಸ. ನಿವೃತ್ತನಾದ ಮೇಲೆ ಕಳೆದ ವಾರ ಆ ಕಡೆ ಹೋಗಿದ್ದೆ. ಕಾಲಿಗೆ ನಮಸ್ಕಾರ ಮಾಡಿದಳು, ಚಹಾ ತರಿಸಿದಳು. ಯಂತ್ರದಲ್ಲಿ ಅಂಕಿ ಮೂಡಿದಾಗ ತಾನು ಬರೆದುಕೊಳ್ಳಲಿಲ್ಲ. ಸಾಲಿನಲ್ಲಿದ್ದ ಒಬ್ಬರನ್ನು ಕರೆದು ಓದಿಸಿದಳು, ಆಮೇಲೆ ಬರೆದಳು. ಪ್ರತಿ ಸಲವೂ ಹಾಗೆಯೇ. ನಾನು ನೋಡುತ್ತಿರುವುದನ್ನು ಕಂಡು ನಕ್ಕು, ನನ್ನ ಕಣ್ಣಿನ ವಿಷಯ ನಿಮಗೆ ಗೊತ್ತೇ ಇದೆಯಲ್ಲ ಸರ, ಎಂದಳು.

ಚಹಾ ಕುಡಿದು ಬಂದೆ. ಆಗಲೂ ಹೇಳಲಿಲ್ಲ.

ನಾಳೆ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೇ ಹೋಗುತ್ತೇನೆ. ಸಾಲಿನಲ್ಲಿ ನಿಂತವರೆಲ್ಲ ಕೇಳಲಿ: ಬಾವಿ, ಬಾಲ್ ಪೆನ್ನು, ಧೋತರ, ಎಲ್ಲ. ನಗುವವರು ನಗಲಿ. ಅಂಕಿ ಮೂಡಿದಾಗ ಬೇರೆಯವರನ್ನು ಪಕ್ಕಕ್ಕೆ ಸರಿಸಿ, ನೀನೇ ಓದವ್ವಾ ಎನ್ನುತ್ತೇನೆ. ಓದುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳು ಓದದೆ ಮತ್ತೆ ಇನ್ನೊಬ್ಬರ ಮುಖ ನೋಡಿದರೆ, ಅದನ್ನು ಕಲಿಸಿದವನು ನಾನೇ.